ಲೆಕ್ಕಕ್ಕಿಲ್ಲದ ತೂಕ

ಕಚೇರಿಯಲ್ಲಿ ಅವರನ್ನು ಎಲ್ಲರೂ ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಯಾರಾದರೂ ಬಾಯಿಬಿಟ್ಟು ಕರೆದದ್ದು ನನಗೆ ನೆನಪಿಲ್ಲ. ಅಂಕಿಅಂಶ ಇಲಾಖೆಯ ಆಹಾರ ವಿಭಾಗದಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಮನೆಮನೆಗೆ ಹೋಗಿ ಜನ ತಿನ್ನುವುದನ್ನು ತೂಗಿದರು. ಅವರು ಹಾಳೆಯಲ್ಲಿ ಬರೆದು ತಂದದ್ದನ್ನು ಕಂಪ್ಯೂಟರಿಗೆ ತುಂಬುವ ಕೆಲಸ ನನ್ನದು. ಈಗ ಹೇಳಹೊರಟಿರುವುದರಲ್ಲಿ ಅರ್ಧ ಅವರ ಬಾಯಿಂದಲೇ ಕೇಳಿದ್ದು, ಉಳಿದರ್ಧ ಅವರ ಗಂಡ ಹೇಳಿದ್ದು. ಗಂಡನದು ಕ್ಷೌರದ ಅಂಗಡಿ. ಆತ ಹೇಳಿದ್ದರಲ್ಲಿ ಸ್ವಲ್ಪ ಕತ್ತರಿಸಿಯೇ ತೆಗೆದುಕೊಳ್ಳಬೇಕು.

ಪ್ರತಿ ವರ್ಷ ಪತ್ರಿಕೆಯ ಒಳಪುಟದಲ್ಲಿ ಒಂದು ಪುಟ್ಟ ಸುದ್ದಿ ಬರುತ್ತದೆ. ಜಗತ್ತಿನಲ್ಲಿ ಈ ಸಲ ಇಷ್ಟು ಕೋಟಿ ಟನ್ ಗೋಧಿ ಬೆಳೆಯಿತು, ಇಷ್ಟು ಅಕ್ಕಿ ಖರ್ಚಾಯಿತು, ಇಂಥ ದೇಶದಲ್ಲಿ ತಲೆಗೆ ಇಷ್ಟು ಎಂದು. ಆ ‘ತಲೆಗೆ ಇಷ್ಟು’ ಎನ್ನುವುದನ್ನು ಕಂಡುಹಿಡಿಯಲು ಎರಡು ದಾರಿಗಳಿವೆ. ಒಂದು ಹೊಲದ ಕಡೆಯಿಂದ. ಬೆಳೆದದ್ದಕ್ಕೆ ಹಡಗಿನಲ್ಲಿ ಬಂದದ್ದನ್ನು ಕೂಡಿಸಿ, ಹೊರಗೆ ಕಳಿಸಿದ್ದು, ಬಿತ್ತನೆಗೆ ಇಟ್ಟದ್ದು, ದನ ಕೋಳಿಗಳಿಗೆ ಹಾಕಿದ್ದು, ಗೋದಾಮಿನಲ್ಲಿ ಹಾಳಾದದ್ದು ಎಲ್ಲವನ್ನೂ ಕಳೆದು, ಉಳಿದದ್ದನ್ನು ಜನಸಂಖ್ಯೆಗೆ ಹಂಚುವುದು. ಅದನ್ನು ನಮ್ಮ ಕಚೇರಿಯ ಮೇಲಿನ ಮಹಡಿಯವರು ಮಾಡುತ್ತಿದ್ದರು. ಇನ್ನೊಂದು ತಟ್ಟೆಯ ಕಡೆಯಿಂದ. ಚೀಟಿ ಎತ್ತಿದ ಹಾಗೆ ಕೆಲವು ಮನೆಗಳನ್ನು ಆರಿಸಿ, ಅಲ್ಲಿ ನಿಜವಾಗಿ ಏನು ತಿನ್ನುತ್ತಾರೆ ಎಂದು ತೂಗಿ ನೋಡುವುದು. ಅದು ಕೆಳಗಿನ ಮಹಡಿ, ಅಂದರೆ ನಾವು. ಎರಡು ಲೆಕ್ಕಗಳೂ ಎಂದೂ ತಾಳೆಯಾಗುತ್ತಿರಲಿಲ್ಲ. ಮೇಲಿನವರ ಪ್ರಕಾರ ಜನ ಹೊಟ್ಟೆ ಬಿರಿಯ ತಿನ್ನುತ್ತಿದ್ದರು, ನಮ್ಮ ಪ್ರಕಾರ ಅಷ್ಟೇನೂ ಇಲ್ಲ. ಲಿಫ್ಟಿನಲ್ಲಿ ಎದುರಾದಾಗ ಅವರು “ನಿಮ್ಮ ಜನ ಸುಳ್ಳು ಹೇಳ್ತಾರೆ ಕಣ್ರೀ” ಅನ್ನುವುದು, ನಾವು “ನಿಮ್ಮ ಗೋದಾಮಿನ ಇಲಿಗಳಿಗೆ ಹೊಟ್ಟೆ ದೊಡ್ಡದು” ಅನ್ನುವುದು, ಇದೆಲ್ಲ ಮಾಮೂಲಿಯಾಗಿತ್ತು.

ಅಕ್ಕ ಬೆಳೆದದ್ದು ತಾಯಿ ನಡೆಸುತ್ತಿದ್ದ ಊಟದ ಮೆಸ್ಸಿನಲ್ಲಿ. ಕಾರ್ಖಾನೆಯ ಕೆಲಸಗಾರರು ಪಾಳಿ ಮುಗಿಸಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು, ಇವರು ಬಡಿಸುತ್ತಿದ್ದರು. ಯಾರು ಎರಡನೇ ಸಲ ಕೇಳುತ್ತಾರೆ, ಯಾರು ನಾಚಿಕೆಯಿಂದ ಸುಮ್ಮನಿರುತ್ತಾರೆ ಎನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತಂತೆ. ಮದುವೆಯಾದ ಮೇಲೆ ಮೆಸ್ಸಿನ ಸಂಬಂಧ ತಪ್ಪಿತು. ಮಕ್ಕಳಾಗಲಿಲ್ಲ. ಒಂದಷ್ಟು ಕಾಲ ಅದೇ ಕೊರಗಾಗಿತ್ತು, ಆಮೇಲೆ ಗಂಡ ಹೆಂಡತಿ ಇಬ್ಬರೂ ಆ ಮಾತನ್ನೇ ಬಿಟ್ಟರು. ಒಂದು ದಿನ ಗಂಡನ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗುಮಾಸ್ತರೊಬ್ಬರು, “ನಮ್ಮ ಇಲಾಖೆಗೆ ಹೆಂಗಸರು ಬೇಕಂತೆ. ಗಂಡಸರನ್ನ ಅಡುಗೆಮನೆಯೊಳಗೆ ಯಾರೂ ಬಿಡಲ್ಲ ನೋಡಿ” ಎಂದರು. ಆತ ಅರ್ಧ ಮುಖ ಹೆರೆದಿದ್ದವನು ಹಾಗೇ ನಿಲ್ಲಿಸಿ, ಅರ್ಜಿ ಎಲ್ಲಿ ಸಿಗುತ್ತದೆ ಎಂದು ಪೂರ್ತಿ ತಿಳಿದುಕೊಂಡ ಮೇಲೆಯೇ ಉಳಿದರ್ಧ ಮುಗಿಸಿದನಂತೆ.

ಕೆಲಸಕ್ಕೆ ಸೇರಿದಾಗ ತರಬೇತಿ ಕೊಟ್ಟವರು ಹೇಳಿಕೊಟ್ಟದ್ದು ಒಂದೇ ಮಾತು: “ನೀವು ಆ ಮನೆಯ ಗೋಡೆ. ಗೋಡೆ ಮಾತಾಡಲ್ಲ, ಮುಖ ಸಿಂಡರಿಸಲ್ಲ, ಶಹಬ್ಬಾಸ್ ಅನ್ನಲ್ಲ.” ಪಾತ್ರೆಗೆ ಹಾಕುವ ಪ್ರತಿಯೊಂದನ್ನೂ ಹಸಿಯಿದ್ದಾಗಲೇ ತೂಗಬೇಕು. ಬೆಂದ ಮೇಲೆ ಪಾತ್ರೆ ತೂಗಬೇಕು. ಪ್ರತಿಯೊಬ್ಬರ ತಟ್ಟೆಯನ್ನೂ ಬಡಿಸಿದ ಮೇಲೊಮ್ಮೆ, ತಿಂದೆದ್ದ ಮೇಲೊಮ್ಮೆ ತೂಗಬೇಕು. ಬೆಳಿಗ್ಗೆಯಿಂದ ಸಂಜೆಯ ಊಟದವರೆಗೆ ಅಲ್ಲೇ ಇರಬೇಕು, ಒಂದೊಂದು ಮನೆಗೆ ಮೂರು ದಿನ. ಇದನ್ನೆಲ್ಲ ಅಕ್ಕ ಮೊದಲು ಅಭ್ಯಾಸ ಮಾಡಿದ್ದು ಗಂಡನ ಮೇಲೆ. “ಗೋಡೆ ಜೊತೆ ಸಂಸಾರ ಮಾಡೋದು ನನಗೇನು ಹೊಸದಾ ಅಂದೆ. ಗೋಡೆ ಕಡೆಯಿಂದ ಸೌಟು ಹಾರಿಬಂತು” ಎಂದು ಆತ ಇವತ್ತಿಗೂ ಹೇಳುತ್ತಾನೆ.

ವರ್ಷಗಳು ಹೋದ ಹಾಗೆ ಅಕ್ಕನ ಕೈ ಪಳಗಿತು. ಯಾವ ಮನೆಯಲ್ಲಾದರೂ ಮೊದಲ ದಿನದ ಅಡುಗೆ ಹೆಚ್ಚೇ ಇರುತ್ತದೆ ಎನ್ನುವುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಸರ್ಕಾರದವರು ಬಂದು ನೋಡುತ್ತಿದ್ದಾರೆಂದರೆ ಯಾರು ತಾನೆ ಬರೀ ಬ್ರೆಡ್ಡು ಚಹಾ ಇಡುತ್ತಾರೆ? ಅದಕ್ಕೆ ನಮ್ಮಲ್ಲಿ ‘ಮೊದಲ ದಿನದ ಹೊಟ್ಟೆ’ ಎಂಬ ಹೆಸರಿತ್ತು. ಎರಡನೆಯ ದಿನ ಮನೆಯವರಿಗೆ ಬೇಸರ ಬರುತ್ತದೆ, ಮೂರನೆಯ ದಿನ ಮರೆವು. ಆ ಮರೆವಿನ ದಿನವೇ ನಿಜವಾದ ದಿನ ಎಂದು ಅಕ್ಕ ಹೇಳುತ್ತಿದ್ದರು.

ಬಸ್ ಡಿಪೋ ಹಿಂದಿನ ಹಳೇ ಕಟ್ಟಡದ ಮೂರನೇ ಮಹಡಿಯ ಮನೆ ಅವರ ಪಾಲಿಗೆ ಬಂದದ್ದು ಹೀಗೆ ಚೀಟಿ ಎತ್ತಿದಾಗಲೇ. ಎರಡು ಕೋಣೆ, ಉದ್ದನೆಯ ಅಡುಗೆಮನೆ, ಅದರ ಕಿಟಕಿಯಿಂದ ಕೆಳಗೆ ನೋಡಿದರೆ ತೊಳೆಯಲು ನಿಲ್ಲಿಸಿದ ಬಸ್ಸುಗಳ ತಲೆ. ಮನೆಯಲ್ಲಿ ಇದ್ದದ್ದು ಮೂರೇ ಜನ. ನಿವೃತ್ತ ಬಸ್ ಡ್ರೈವರು, ಲೇತ್ ಕಾರ್ಖಾನೆಯಲ್ಲಿ ದುಡಿಯುವ ಅವರ ಮಗ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಸೊಸೆ. ಅಪ್ಪ ಮಗ ಇಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ತಾಯಿ ತೀರಿಹೋದ ವಾರದಲ್ಲೇ ಮಗ ಆಕೆಯ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದ. ಕಣ್ಣೆದುರಿಗಿದ್ದರೆ ಅಪ್ಪ ಸಂಕಟಪಡುತ್ತಾರೆ ಎನ್ನುವುದು ಮಗನ ಯೋಚನೆ. ಒಂದು ಮಾತು ಕೇಳಲಿಲ್ಲವಲ್ಲ ಎನ್ನುವುದು ಅಪ್ಪನ ಸಿಟ್ಟು. ಅಂದಿನಿಂದ ಅಪ್ಪ ಟೀವಿ ಮುಂದೆ, ಮಗ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ, ಸೊಸೆ ಎಲ್ಲ ಮುಗಿದ ಮೇಲೆ ಅಡುಗೆ ಕಟ್ಟೆಯ ಪಕ್ಕ ನಿಂತುಕೊಂಡು. ಊಟವೆಂದರೆ ಆ ಮನೆಯಲ್ಲಿ ಇಷ್ಟೇ ಆಗಿತ್ತು.

ಮೊದಲ ದಿನ ಸೊಸೆ ರಜೆ ಹಾಕಿದ್ದಳು. ಅನ್ನ, ಬೇಳೆ, ಎರಡು ಬಗೆಯ ತರಕಾರಿ, ಮೊಟ್ಟೆ, ಮೇಲೆ ಹಣ್ಣು. ಅಕ್ಕ ಎಲ್ಲ ತೂಗಿ ಬರೆದರು, ಮನಸ್ಸಿನಲ್ಲೇ ‘ಮೊದಲ ದಿನದ ಹೊಟ್ಟೆ’ ಅಂದುಕೊಂಡರು. ತಟ್ಟೆಗಳ ಸರದಿ ಬಂದಾಗ ತೊಂದರೆ ಶುರುವಾಯಿತು. ತೂಕದ ಮೆಷೀನು ಒಂದೇ. ಅದನ್ನು ಹೊತ್ತುಕೊಂಡು ಟೀವಿ ಮುಂದಕ್ಕೂ ಒಳಕೋಣೆಗೂ ಓಡಾಡಿದರೆ ಅದು ಕದಲಿ ತಪ್ಪು ತೋರಿಸುತ್ತದೆ. ಸಮತಟ್ಟಾದ ಮೇಜಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. “ಎಲ್ಲರೂ ಇಲ್ಲಿಗೇ ಬರಬೇಕಾಗುತ್ತೆ” ಎಂದರು ಅಕ್ಕ. ಅಪ್ಪ ಮಗ ಇಬ್ಬರೂ ಮುಖ ಗಂಟಿಕ್ಕಿಕೊಂಡು ಬಂದು, ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು.

ಮೆಷೀನಿನ ಮೇಲೆ ಕೆಂಪು ಅಂಕಿಗಳು ದೊಡ್ಡದಾಗಿ ಕಾಣುತ್ತಿದ್ದವು. ಡ್ರೈವರು ತಮ್ಮ ತಟ್ಟೆಯದನ್ನು ನೋಡಿದರು, ಮಗನ ತಟ್ಟೆಯದನ್ನೂ ನೋಡಿದರು.

“ಅಮ್ಮಾ, ನನ್ನದಕ್ಕಿಂತ ಆ ತಟ್ಟೆ ಅಷ್ಟೊಂದು ಜಾಸ್ತಿ ಬಂತಲ್ಲ? ನಿಮ್ಮ ಮೆಷೀನು ಸರಿಯಿದೆಯೋ?”

ಅಕ್ಕ ಗೋಡೆಯಾಗಿದ್ದರು. ಉತ್ತರ ಬಂದದ್ದು ಮಗನ ಕಡೆಯಿಂದ. ಅದೂ ಅಪ್ಪನಿಗಲ್ಲ, ಮೆಷೀನಿಗೆ.

“ಮೆಷೀನು ಸರಿಯಾಗೇ ಇದೆ. ದಿನವಿಡೀ ನಿಂತು ಕಬ್ಬಿಣ ಕೊರೆಯೋರು ಜಾಸ್ತಿ ತಿಂತಾರೆ.”

“ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದೋರಿಗೆ ಹೊಟ್ಟೆ ಇರಲಿಲ್ಲ ಅಂತ ಹೇಳಮ್ಮ ಆ ಮೆಷೀನಿಗೆ.”

ಸೊಸೆ ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ನಿಂತಿದ್ದಳು. ಅತ್ತೆ ತೀರಿಹೋದ ಮೇಲೆ ಅವರಿಬ್ಬರ ಮಾತು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದದ್ದು ಅದೇ ಮೊದಲು ಎಂದು ಆಮೇಲೆ ಅವಳು ಅಕ್ಕನಿಗೆ ಹೇಳಿದಳು.

ಇಬ್ಬರೂ ಉಂಡು ಏಳುವ ಹೊತ್ತಿಗೆ ಅಕ್ಕ ಅವಳ ಕಡೆ ತಿರುಗಿದರು. “ನಿಮ್ಮ ತಟ್ಟೆ?”

“ನಂದು ಬಿಡಿ ಅಕ್ಕ. ನಾನು ಆಮೇಲೆ ಏನಾದ್ರೂ ತಿಂತೀನಿ.”

“‘ಏನಾದ್ರೂ’ ಅನ್ನೋದನ್ನ ಬರೆಯೋಕೆ ನಮ್ಮ ಹಾಳೆಯಲ್ಲಿ ಜಾಗ ಇಲ್ಲಮ್ಮ. ಕೂತು ಬಡಿಸಿಕೊಳ್ಳಿ.”

ಅವಳು ಕೂತಳು. ಬಡಿಸಿಕೊಂಡದ್ದು ದಿನವೂ ಬಡಿಸಿಕೊಳ್ಳುವಷ್ಟೇ. ತಟ್ಟೆ ಮೆಷೀನಿನ ಮೇಲೆ ಬಂದಾಗ ಕೆಂಪು ಅಂಕಿ ಮಾವನ ಅರ್ಧಕ್ಕೂ ಮುಟ್ಟಲಿಲ್ಲ. ಕೈ ತೊಳೆಯಲು ಎದ್ದಿದ್ದ ಗಂಡಸರಿಬ್ಬರೂ ಅದನ್ನು ನೋಡಿದರು. ಮಗ ನೀರು ಕುಡಿಯುವ ನೆಪದಲ್ಲಿ ಮತ್ತೆ ಕೂತ. ಅಪ್ಪ ಕೂಡ, ಕಾರಣ ಹೇಳದೆಯೇ, ಕೂತರು. ಅವಳು ತಿಂದು ಮುಗಿಸುವವರೆಗೂ ಯಾರೂ ಏಳಲಿಲ್ಲ. ಮಾರನೆಯ ದಿನ ಅವಳ ತಟ್ಟೆಯ ತೂಕ ಹೆಚ್ಚಾಗಿತ್ತು, ಮೂರನೆಯ ದಿನ ಇನ್ನೂ ಸ್ವಲ್ಪ. ಆ ಹಾಳೆಗಳನ್ನು ಕಂಪ್ಯೂಟರಿಗೆ ತುಂಬಿದವನು ನಾನೇ. ಎಲ್ಲ ಮನೆಗಳಲ್ಲೂ ದಿನ ಕಳೆದಂತೆ ಇಳಿಯುವ ಅಂಕಿ ಈ ಮನೆಯಲ್ಲಿ ಏರಿತ್ತು. ತಪ್ಪು ಬರೆದಿದ್ದಾರೇನೋ ಎಂದು ನಾನು ಕೇಳಿದೆ. “ಬರೆದದ್ದು ಸರಿಯಾಗೇ ಇದೆ, ತುಂಬಪ್ಪಾ” ಎಂದರು.

ಕೆಲಸ ಮುಗಿಯಿತು, ಅಕ್ಕ ಬೇರೆ ಬೀದಿಗೆ ಹೋದರು. ಒಂದೆರಡು ವಾರ ಕಳೆದಿರಬೇಕು, ಡ್ರೈವರು ಕಚೇರಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಛತ್ರಿ. ನಮ್ಮ ವಿಭಾಗದ ಬಾಗಿಲಲ್ಲಿ ನಿಂತು, “ತೂಕದ ಅಮ್ಮ ಇದ್ದಾರಾ?” ಎಂದು ಕೇಳಿದರು. ಅಕ್ಕ ಎದ್ದು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಅವರ ಪಕ್ಕ ಕೂತರು.

“ನಮ್ಮ ಮನೆಯನ್ನ ಇನ್ನೊಂದು ಸಲ ಲೆಕ್ಕಕ್ಕೆ ತಗೊಳ್ಳಿ.”

“ಹಾಗೆಲ್ಲ ಆಗಲ್ಲ. ಚೀಟಿ ಎತ್ತಿದಾಗ ಯಾರದು ಬರುತ್ತೋ ಅವರದೇ. ನಿಮ್ಮದು ಮತ್ತೆ ಬರುತ್ತೆ ಅಂತ ಹೇಳೋಕಾಗಲ್ಲ.”

“ತಪ್ಪಿಹೋದ ಬಸ್ಸು ಮತ್ತೆ ಬರೋವರೆಗೂ ಕಾಯೋಕೆ ನಾನು ಸಣ್ಣವನಲ್ಲಮ್ಮಾ.” ಸ್ವಲ್ಪ ಹೊತ್ತು ಛತ್ರಿಯ ಹಿಡಿಯನ್ನು ತಿರುಗಿಸುತ್ತಾ ಕೂತರು. “ತೂಕ ಬೇಡ ಬಿಡಿ. ಸುಮ್ಮನೆ ಬಂದು ಕೂತ್ಕೊಳ್ಳಿ. ನೀವು ಹೋದ ಮೇಲೆ ಮತ್ತೆ ಅವನೊಂದು ಕಡೆ, ನಾನೊಂದು ಕಡೆ. ಆ ಹುಡುಗಿ ಮತ್ತೆ ನಿಂತ್ಕೊಂಡೇ ತಿಂತಿದೆ.”

“ಅದು ನಿಯಮಕ್ಕೆ ವಿರುದ್ಧ” ಎಂದರು ಅಕ್ಕ. ಡ್ರೈವರು ತಲೆಯಾಡಿಸಿ, ನಿಯಮದ ವಿಷಯ ತಮಗೂ ಗೊತ್ತು ಎನ್ನುವ ಹಾಗೆ ಎದ್ದು ಹೋದರು.

ಅಕ್ಕ ಆ ಮಾತನ್ನು ಮರೆಯಲು ನೋಡಿದರು. ಮರೆತೂ ಹೋಗುತ್ತಿತ್ತೇನೋ. ಆದರೆ ಒಂದು ಭಾನುವಾರ ಅವರು ಮನೆಯಲ್ಲಿ ಒಬ್ಬರೇ ಇದ್ದರು. ಕ್ಷೌರದ ಅಂಗಡಿಗೆ ಭಾನುವಾರವೇ ನಿಜವಾದ ದುಡಿಮೆ. ಗಂಡ ಬೆಳಿಗ್ಗೆಯೇ ಡಬ್ಬಿ ಕಟ್ಟಿಸಿಕೊಂಡು ಹೋಗಿದ್ದ. ಸಂಜೆ ಆತ ಬಂದು, “ಮಧ್ಯಾಹ್ನ ಏನು ತಿಂದೆ?” ಎಂದು ಕೇಳಿದಾಗ ಅಕ್ಕನಿಗೆ ಹೇಳಲಾಗಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡು ಪಾತ್ರೆಯಿಂದಲೇ ಏನೋ ತಿಂದದ್ದುಂಟು. ಏನು, ಎಷ್ಟು, ಯಾವಾಗ, ಒಂದೂ ನೆನಪಿಗೆ ಬರಲಿಲ್ಲ. ಊರವರನ್ನೆಲ್ಲ ‘ನಿನ್ನೆ ಏನು ತಿಂದಿರಿ’ ಎಂದು ಕೆದಕಿ ಕೆದಕಿ ಕೇಳುವ ಹೆಂಗಸು ತಾನು, ಎಂದುಕೊಂಡು ಅವರು ನಕ್ಕರಂತೆ. ನಕ್ಕು ಮುಗಿದ ಮೇಲೆ ಒಂಥರಾ ಆಯಿತಂತೆ. ಒಂಥರಾ ಅಂದರೇನು ಎಂದು ನಾನು ಕೇಳಿದೆ. “ಒಂಥರಾ ಅಂದ್ರೆ ಒಂಥರಾ” ಎಂದರು.

ಮುಂದಿನ ಭಾನುವಾರ ಅಕ್ಕ ಡಿಪೋ ಹಿಂದಿನ ಕಟ್ಟಡದ ಮೆಟ್ಟಿಲು ಹತ್ತಿದರು. ಕೈಯಲ್ಲಿ ಇಲಾಖೆ ಗುಜರಿಗೆ ಹಾಕಿದ್ದ ಹಳೆಯ ತೂಕದ ಮೆಷೀನು. ಬಾಗಿಲು ತೆಗೆದ ಸೊಸೆಗೆ, “ಮರುಪರಿಶೀಲನೆ ಇದೆ. ಒಂದೊಂದು ಮನೇಲಿ ಮಾಡ್ತಾರೆ” ಎಂದರು. ಹೇಳುವಾಗ ನಾಲಿಗೆ ತೊದಲಿತ್ತು. ಒಳಗಿನಿಂದ ಡ್ರೈವರು ಟೀವಿ ಆರಿಸಿದ ಸದ್ದು ಕೇಳಿಸಿತು.

ಆವತ್ತು ಮೂವರೂ ಮೇಜಿಗೆ ಬಂದರು. ಅಕ್ಕ ತಟ್ಟೆ ತೂಗಿದರು, ಮೆಷೀನು ಹಳೆಯದಾದ್ದರಿಂದ ಅಂಕಿಗಳು ಮಿಣಮಿಣ ಎನ್ನುತ್ತಾ ಒಂದೊಂದು ಸಲ ಒಂದೊಂದು ಹೇಳಿದವು. ಮಗ ಲೇತಿನವನಲ್ಲವೇ, ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಅದನ್ನು ಬಿಚ್ಚಿ ಒಳಗೆ ಏನೋ ಒರೆಸತೊಡಗಿದ. “ಬಿಚ್ಚೋದು ಗೊತ್ತು, ಮುಚ್ಚೋದು ಗೊತ್ತಿದೆಯೋ ಇಲ್ಲವೋ” ಎಂದರು ಅಪ್ಪ, ಕಿಟಕಿಯ ಕಡೆ ನೋಡುತ್ತಾ. “ಮುಚ್ಚಿದ ಮೇಲೆ ಹೇಳು” ಎಂದ ಮಗ. ಅದು ನೇರವಾಗಿ ಅಪ್ಪನಿಗೇ ಹೇಳಿದ್ದು.

ಹೀಗೆ ಭಾನುವಾರಗಳು ನಡೆದವು. ಅವರು ಹೋಗದ ವಾರಗಳೂ ಇದ್ದವು. ಜ್ವರ ಬಂದಾಗ, ಬೇರೆ ಊರಿನ ಕೆಲಸವಿದ್ದಾಗ. ಹೋದಾಗ ಮಾತ್ರ ಪಾಲಿಸಿದ್ದು ಅದೇ ಕ್ರಮ. ತಟ್ಟೆ ತೂಗುವುದು, ಮುಗಿಯುವವರೆಗೂ ಕಾಯುವುದು, ಮತ್ತೆ ತೂಗುವುದು. ಒಂದು ದಿನ ಗಂಡಸರಿಬ್ಬರೂ ಎದ್ದುಹೋದ ಮೇಲೆ ಸೊಸೆ ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು:

“ಅಕ್ಕ, ನೀವು ಬರ್ಕೊಳ್ಳೋದೇ ಇಲ್ಲವಲ್ಲ.”

ಅಕ್ಕ ಮೆಷೀನಿನ ಸ್ವಿಚ್ಚು ಆರಿಸಿದರು. ಅವಳೇ ಮುಂದುವರಿಸಿದಳು:

“ನಮ್ಮ ಕಾರ್ಖಾನೆಯಲ್ಲಿ ಇನ್ನೊಬ್ಬಳ ಮನೆಗೂ ನಿಮ್ಮೋರು ಬಂದಿದ್ರು. ಮೂರು ದಿನ, ಆಮೇಲೆ ಯಾರೂ ಬರಲಿಲ್ಲ ಅಂದಳು. ನನಗೆ ಮೊದಲನೇ ಭಾನುವಾರವೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಬರ್ತಿರಲಿಲ್ಲ.” ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. “ನೀವಿದ್ರೆ ನಾನೂ ಕೂತ್ಕೋಬೇಕು, ಅದು ರೂಲು. ನೀವಿಲ್ಲದಾಗ ಕೂತ್ಕೊಂಡ್ರೆ ಇವಳ್ಯಾಕೆ ಕೂತಳು ಅನ್ನೋ ಥರ ನನಗೇ ಅನ್ಸುತ್ತೆ. ಅವರು ಯಾರೂ ಏನೂ ಅನ್ನಲ್ಲ, ಅಕ್ಕ. ಕೆಟ್ಟೋರಲ್ಲ. ಸುಮ್ಮನೆ ಅಭ್ಯಾಸ.”

ಅಷ್ಟು ಹೇಳಿ ಅವಳು ಬೇರೆ ಮಾತಿಗೆ ಹೊರಳಿದಳು. ಅಕ್ಕ ಮುಂದಿನ ಭಾನುವಾರವೂ ಹೋದರು. ಈಗ ಆ ಅಡುಗೆಮನೆಯಲ್ಲಿ ಸುಳ್ಳು ಹೇಳುವವರು ಇಬ್ಬರಾದರು. ಡ್ರೈವರೂ ಸೇರಿದರೆ ಮೂವರು. ಮಗನಿಗೆ ಗೊತ್ತಿತ್ತೋ ಇಲ್ಲವೋ, ಆ ವಿಷಯ ಕೊನೆಗೂ ತಿಳಿಯಲಿಲ್ಲ.

ಸಿಕ್ಕಿಬಿದ್ದದ್ದು ಡ್ರೈವರ ಒಳ್ಳೆಯ ಮನಸ್ಸಿನಿಂದ. ಇಲಾಖೆಯಲ್ಲಿ ನಿಜವಾದ ಮರುಪರಿಶೀಲನೆ ಎಂಬುದೊಂದು ಉಂಟು. ವರ್ಷದ ಕೊನೆಯಲ್ಲಿ ಬೇರೊಬ್ಬ ನೌಕರ ಕೆಲವು ಮನೆಗಳಿಗೆ ಹೋಗಿ, ನಮ್ಮವರು ಬಂದಿದ್ದರೇ, ಸರಿಯಾಗಿ ತೂಗಿದರೇ ಎಂದು ವಿಚಾರಿಸುತ್ತಾನೆ. ಆ ಸಲ ಹೋದವನು ಕೇಳಿದ್ದಕ್ಕೆ ಡ್ರೈವರು ಎದೆ ಉಬ್ಬಿಸಿ, “ಬಂದಿದ್ರಾ ಅಂದ್ರೆ? ಭಾನುವಾರ ಭಾನುವಾರ ಬರ್ತಾರಪ್ಪಾ! ಅಂಥ ಕೆಲಸಗಾರರು ನಿಮ್ಮಲ್ಲಿ ಇನ್ನೊಬ್ಬರಿಲ್ಲ. ಬಡ್ತಿ ಕೊಡಿ ಅಂತ ಬರ್ಕೋ” ಎಂದರಂತೆ. ಅವನು ಬರೆದುಕೊಂಡ.

ಮೇಲ್ವಿಚಾರಕರು ಅಕ್ಕನನ್ನು ಕೋಣೆಗೆ ಕರೆಸಿದರು. ನನ್ನ ಮೇಜು ಆ ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿಕೊಂಡೆ. ಅವರು ಕೂಗಾಡುವ ಮನುಷ್ಯರಲ್ಲ.

“ಆ ಮನೆಯಿಂದ ನಿಮಗೇನಾದರೂ ಲಾಭ ಇತ್ತಾ?”

“ಇಲ್ಲ ಸಾರ್.”

“ಮತ್ತೆ?”

“ತಪ್ಪು ಅಂತ ಗೊತ್ತಿತ್ತು ಸಾರ್. ಭಾನುವಾರ ಬಂದ ಕೂಡಲೇ ಮರೆತುಹೋಗ್ತಿತ್ತು.”

ಮೇಲ್ವಿಚಾರಕರು ಫೈಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವರೆಂದರು: “ನೋಡಿ, ಮೂರು ದಿನ ನೀವು ಬರೆದದ್ದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾಳೆ ಯಾರಾದರೂ, ಈ ಇಲಾಖೆಯವರು ತಮಗೆ ಬೇಕಾದ ಮನೆಗೆ ಹೋಗಿ ಬೇಕಾದಷ್ಟು ದಿನ ತೂಗ್ತಾರೆ ಅಂದರೆ ನಾನೇನು ಉತ್ತರ ಕೊಡಲಿ? ಜನ ನಿಮಗೋಸ್ಕರ ಉಣ್ಣೋಕೆ ಶುರುಮಾಡಿದ ಮೇಲೆ ಅದು ಸಮೀಕ್ಷೆಯಲ್ಲ, ನೆಂಟಸ್ತಿಕೆ.”

ಅದಕ್ಕೆ ಅಕ್ಕ ಎದುರಾಡಲಿಲ್ಲ. ಮೇಲ್ವಿಚಾರಕರ ಮಾತು ಸರಿಯೇ ಇತ್ತು ಎಂದು ಅವರು ನನ್ನೆದುರೂ ಒಪ್ಪಿಕೊಂಡರು. ಆ ಮನೆಯ ಅಂಕಿಗಳನ್ನು ಒಟ್ಟು ಲೆಕ್ಕದಿಂದ ತೆಗೆದುಹಾಕಿದರು. ಅಳಿಸುವ ಕೆಲಸ ನನಗೇ ಬಂತು. ಒಂದು ಮನೆ ಹೋದದ್ದರಿಂದ ದೇಶದ ಸರಾಸರಿ ಅಲುಗಲಿಲ್ಲ. ಅಕ್ಕನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಫೀಲ್ಡ್ ಕೆಲಸ ತಪ್ಪಿಸಿ ಮೇಲಿನ ಮಹಡಿಗೆ ಹಾಕಿದರು. ಅಧಿಕೃತವಾಗಿ ಯಾವುದೇ ಸಮೀಕ್ಷೆಯ ಹೆಸರಿನಲ್ಲಿ ಆ ಮನೆಗೆ ಕಾಲಿಡಕೂಡದು ಎಂದೂ ಪತ್ರದಲ್ಲಿತ್ತು.

ಮೇಲಿನ ಮಹಡಿಯಲ್ಲಿ ತಟ್ಟೆಗಳಿಲ್ಲ, ಟನ್‌ಗಳು ಮಾತ್ರ. ಯಾವ ಬಂದರಿಗೆ ಎಷ್ಟು ಗೋಧಿ ಇಳಿಯಿತು, ಎಷ್ಟು ಜೋಳ ಕೋಳಿ ಆಹಾರದ ಕಾರ್ಖಾನೆಗೆ ಹೋಯಿತು, ಎಷ್ಟು ಎಣ್ಣೆಕಾಳು ಗಾಣಕ್ಕೆ ಹೋಯಿತು ಎಂದು ಕೂಡಿಸಿ ಕಳೆದು, ಜಗತ್ತಿನ ಲೆಕ್ಕ ಇಡುವವರಿಗೆ ವರ್ಷಕ್ಕೊಮ್ಮೆ ಕಳಿಸುವುದು. ಹೇಳಿದಷ್ಟು ಕೆಲಸವನ್ನು ಅಕ್ಕ ಮಾಡಿದರು. ಅವರ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ಒಮ್ಮೆ ಎರಡು ಮಹಡಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ, “ನೋಡಿದ್ರಾ, ಹೊಲದಿಂದ ಬಾಯಿಗೆ ಬರೋದರೊಳಗೆ ಇಷ್ಟು ಎಲ್ಲೋ ಹೋಗಿಬಿಡುತ್ತೆ” ಎಂದರು. ಅಕ್ಕ ಆ ಅಂತರವನ್ನು ನೋಡಿದರು. ತಾವು ಕಂಡ ಕಸದ ಬುಟ್ಟಿಗಳು, ನಾಯಿಗೆ ಹಾಕಿದ ಅನ್ನ, ಅತಿಥಿಗಳ ಮುಂದೆ ಹೇಳಿದ ಸುಳ್ಳು, ಹೋಟೆಲಿನಲ್ಲಿ ತಿಂದು ಮನೆಯಲ್ಲಿ ಮುಚ್ಚಿಟ್ಟದ್ದು, ಎಲ್ಲ ಅದರೊಳಗೆ ಇದೆ ಎಂದು ಅವರಿಗೆ ಹೇಳಬಹುದಿತ್ತು. ಗುಮಾಸ್ತರಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ. ಸುಮ್ಮನೆ “ಹೌದು ಸಾರ್” ಎಂದು ಮುಂದಿನ ಪುಟ ತಿರುಗಿಸಿದರಂತೆ.

ಭಾನುವಾರಗಳು ಮತ್ತೆ ಖಾಲಿಯಾದವು. ಅಕ್ಕ ಮಾತು ಕಡಿಮೆ ಮಾಡಿದರು. ಗಂಡ ಎರಡು ವಾರ ನೋಡಿದ. ಮೂರನೆಯ ಭಾನುವಾರ ಹನ್ನೆರಡರ ಹೊತ್ತಿಗೆ, ಬೆಂಚಿನ ತುಂಬ ಗಿರಾಕಿಗಳಿದ್ದಾಗಲೇ, “ಎಲ್ಲರೂ ಸಂಜೆ ಬನ್ನಿ” ಎಂದು ಶಟರ್ ಎಳೆದ. “ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚೋ ಕ್ಷೌರಿಕನನ್ನ ನಾನು ನೋಡಿರೋದು ಒಬ್ಬನನ್ನೇ, ಅದೂ ಕನ್ನಡಿಯಲ್ಲಿ” ಎಂದು ಆತನ ಮಾತು. ಕತ್ತರಿ, ಬಾಚಣಿಗೆ, ಕ್ಷೌರದ ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ.

“ನಡಿ, ಡಿಪೋ ಹಿಂದಿನ ಮನೆಗೆ.”

“ರೀ, ಪತ್ರ ಓದಿದ್ದೀರಲ್ಲ. ನಾನು ಅಲ್ಲಿಗೆ ಹೋಗೋ ಹಾಗಿಲ್ಲ.”

“ಸಮೀಕ್ಷೆ ಹೆಸರಲ್ಲಿ ಹೋಗೋ ಹಾಗಿಲ್ಲ. ಈಗ ಹೋಗ್ತಿರೋದು ಕ್ಷೌರದ ಹೆಸರಲ್ಲಿ. ಆದೇಶ ನಿನಗೆ, ನನಗಲ್ಲ. ನೀನು ಬರ್ತಿರೋದು ಕ್ಷೌರಿಕನ ಹೆಂಡತಿಯಾಗಿ. ಅದನ್ನ ತಪ್ಪಿಸೋಕೆ ನಿಮ್ಮ ಸಾಹೇಬರಿಗೂ ಆಗಲ್ಲ.”

ಡ್ರೈವರ ತಲೆಯಲ್ಲಿ ಕತ್ತರಿಸುವಷ್ಟು ಕೂದಲೇ ಇರಲಿಲ್ಲ. ಆದರೂ ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿಸಿ, ಹೆಗಲಿಗೆ ಬಟ್ಟೆ ಹೊದೆಸಿ, ಬಹಳ ಹೊತ್ತು ಕೈಯಾಡಿಸಿದ ಆತ. “ಇಂಥ ತಲೆಗೆ ಕತ್ತರಿ ಬೇಡ, ಮರ್ಯಾದೆ ಸಾಕು” ಎಂದು ಹೇಳಿದ್ದಕ್ಕೆ ಡ್ರೈವರು ನಗುತ್ತಾ ಅಲುಗಾಡಿ, ಕಿವಿಯ ಹತ್ತಿರ ಸಣ್ಣ ಗಾಯ ಮಾಡಿಸಿಕೊಂಡರು. ಆಮೇಲೆ ಮಗನನ್ನೂ ಕರೆದು ಕೂರಿಸಿದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಸೊಸೆ ಐದು ತಟ್ಟೆ ಇಟ್ಟಳು. ಮೆಷೀನು ಇರಲಿಲ್ಲ. ಯಾರು ಮೊದಲು ಕೂರಬೇಕೆಂದು ತಿಳಿಯದೆ ಒಂದು ಕ್ಷಣ ಎಲ್ಲರೂ ನಿಂತೇ ಇದ್ದರು. ಕೊನೆಗೆ ಸೊಸೆಯೇ ಮೊದಲು ಕುರ್ಚಿ ಎಳೆದುಕೊಂಡು ಕೂತು, “ಬನ್ನಿ, ಆರಿಹೋಗುತ್ತೆ” ಎಂದಳು. ಅವಳು ಕೂತದ್ದನ್ನು ನೋಡಿ ಉಳಿದವರು ಕೂತರು.

ಅಂದಿನಿಂದ ತಿಂಗಳಿಗೆ ಒಂದು ಭಾನುವಾರ ಅಲ್ಲಿಗೆ ಹೋಗುವುದು ಇಬ್ಬರಿಗೂ ರೂಢಿಯಾಯಿತು. ಉಳಿದ ಭಾನುವಾರಗಳಲ್ಲಿ ಆ ಮನೆಯವರು ಒಟ್ಟಿಗೆ ಕೂತು ಉಣ್ಣುತ್ತಿದ್ದರೇ ಎಂದು ಕೇಳಿದರೆ, ಒಮ್ಮೊಮ್ಮೆ ಹೌದು, ಒಮ್ಮೊಮ್ಮೆ ಇಲ್ಲ ಎಂದು ಅಕ್ಕ ಹೇಳುತ್ತಿದ್ದರು. ಮಗನ ಪಾಳಿ ಬದಲಾದಾಗ ಮತ್ತೆ ಒಬ್ಬೊಬ್ಬರೇ ತಿಂದದ್ದುಂಟು. ಅಪ್ಪ ಮಗ ಒಬ್ಬರಿಗೊಬ್ಬರು ತೀರಾ ಹತ್ತಿರವಾದರು ಎಂದೇನೂ ಅಲ್ಲ. ಸತ್ತವರ ಬಟ್ಟೆಯ ವಿಷಯ ಕೊನೆಯವರೆಗೂ ಇಬ್ಬರೂ ಎತ್ತಲಿಲ್ಲ. ಆದರೆ ಒಂದು ಚಳಿಗಾಲದಲ್ಲಿ ಅಪ್ಪನಿಗೆ ಕೆಮ್ಮು ಹೆಚ್ಚಾದಾಗ, ಮಗ ಕಾರ್ಖಾನೆಯಲ್ಲಿ ಉಳಿದ ಲೋಹದ ತುಂಡುಗಳಿಂದ ಹಾಸಿಗೆಯ ತಲೆಯ ಕಡೆ ಎತ್ತರಿಸುವ ಒಂದು ಚೌಕಟ್ಟು ಮಾಡಿ ತಂದು ಕೂರಿಸಿದ. ಅದು ಕಿರುಗುಟ್ಟುತ್ತದೆ ಎಂದು ಅಪ್ಪ ದೂರಿದರು, ಆದರೆ ಅದರ ಮೇಲೆಯೇ ಮಲಗಿದರು.

ಆರು ತಿಂಗಳ ನಂತರ ಅಕ್ಕ ಕೆಳಗಿನ ಮಹಡಿಗೆ ಮರಳಿದರು, ಮತ್ತೆ ಮನೆಮನೆಗೆ ಹೋದರು. ಕೆಲಸದಲ್ಲಿ ಮತ್ತೆಂದೂ ತಪ್ಪು ಹುಡುಕುವಂತಾಗಲಿಲ್ಲ. ಮೇಲ್ವಿಚಾರಕರು ವರ್ಗವಾಗಿ ಹೋಗುವಾಗ ಅವರ ತಲೆಗೂದಲನ್ನು ಕತ್ತರಿಸಿದ್ದು ಅಕ್ಕನ ಗಂಡನೇ. ಅಂದು ಆತ ಬಾಯಿ ಮುಚ್ಚಿಕೊಂಡಿದ್ದ ಎನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ.

ಕೆಲವು ವರ್ಷಗಳಾದ ಮೇಲೆ ಡಿಪೋ ವಿಸ್ತರಿಸಲು ಆ ಹಳೇ ಕಟ್ಟಡವನ್ನು ಕೆಡವುವುದೆಂದಾಯಿತು. ಆ ಮನೆಯವರಿಗೆ ಊರಿನ ಇನ್ನೊಂದು ತುದಿಯಲ್ಲಿ ಮನೆ ಸಿಕ್ಕಿತು. ಸಾಮಾನು ಕಟ್ಟಿಟ್ಟ ಕೊನೆಯ ಭಾನುವಾರ ಅಕ್ಕನೂ ಗಂಡನೂ ಹೋಗಿದ್ದರು. ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಊಟ. ಹೊಸ ಮನೆಗೆ ಬರಲು ಯಾವ ಬಸ್ಸು ಹಿಡಿಯಬೇಕೆಂದು ಅಕ್ಕ ಕೇಳಿದರು.

“ಇಲ್ಲಿಂದ ಮಾರ್ಕೆಟ್‌ವರೆಗೆ ಬನ್ನಿ, ಅಲ್ಲಿ ಬದಲಾಯಿಸಿ” ಎಂದರು ಡ್ರೈವರು.

“ಮಾರ್ಕೆಟ್ ಕಡೆ ಹೋದ್ರೆ ಅರ್ಧ ದಿನ ಅಲ್ಲೇ. ಸೇತುವೆ ಕೆಳಗಿನ ಹೊಸ ದಾರಿ ಬಸ್ಸು ಹಿಡೀರಿ” ಎಂದ ಮಗ.

“ಆ ದಾರಿಯಲ್ಲಿ ಬಸ್ಸೇ ತಿರುಗಲ್ಲ.”

“ಅಪ್ಪಾ, ನೀನು ಬಸ್ಸು ಓಡಿಸಿದ ಕಾಲದಲ್ಲಿ ತಿರುಗ್ತಿರಲಿಲ್ಲ. ಈಗ ತಿರುಗುತ್ತೆ.”

“ಎಷ್ಟು ಅಡಿ ಅಗಲ ಇದೆ ಹೇಳು ಆ ತಿರುವು? ಹೇಳು ನೋಡೋಣ!”

ಇಬ್ಬರೂ ತಟ್ಟೆ ಬದಿಗಿಟ್ಟು, ಪೆಟ್ಟಿಗೆಯ ಮೇಲೆ ಬೆರಳಿನಿಂದ ರಸ್ತೆಗಳನ್ನು ಬರೆಯತೊಡಗಿದರು. ಅಕ್ಕನ ಗಂಡ ಮಧ್ಯೆ ಬಾಯಿ ಹಾಕಿ ಮೂರನೆಯ ದಾರಿಯೊಂದನ್ನು ಸೂಚಿಸಿದ. ಇಬ್ಬರೂ ಒಟ್ಟಾಗಿ ಅವನ ಮೇಲೆ ಬಿದ್ದರು. ಸೊಸೆ ತನ್ನ ಪಾಲಿನ ಅನ್ನವನ್ನು ನಿಧಾನವಾಗಿ ತಿನ್ನುತ್ತಾ, “ಬಿಡಿ ಅಕ್ಕ, ನೀವು ಆಟೋದಲ್ಲಿ ಬನ್ನಿ” ಎಂದಳು.